ರಣ ಬಿಸಿಲಲ್ಲಿ ಥೀಮ್ ಪಾರ್ಕ್: ಮನೆಮಂದಿಯೆಲ್ಲ ಹೋಗಿ ಸುಸೂತ್ರವಾಗಿ ವಾಪಸ್ ಬರೋದು ಹೇಗೆ

ನಾವು ಮೊದಲ ಸಲ ಮನೆಮಂದಿಯೆಲ್ಲ ಥೀಮ್ ಪಾರ್ಕಿಗೆ ಹೋದಾಗ ಬಿಸಿಲಿಗೆ ಕುಸಿದಿದ್ದು ರೋಲರ್ ಕೋಸ್ಟರ್ ಹತ್ತಿದ ನಾವಲ್ಲ, ಕೆಳಗೆ ಬೆಂಚಲ್ಲಿ ನಮ್ಮ ಬ್ಯಾಗ್ ಹಿಡ್ಕೊಂಡು ಕೂತಿದ್ದ ಅಮ್ಮ. ನಾವು ಕ್ಯೂಗೆ ಹೋಗುವಾಗ ಆ ಬೆಂಚಿಗೆ ಚೆನ್ನಾಗಿ ನೆರಳಿತ್ತು. ವಾಪಸ್ ಬರೋ ಹೊತ್ತಿಗೆ ಎಪ್ಪತ್ತು ನಿಮಿಷ ಆಗೋಗಿತ್ತು, ನೆರಳು ಅದರ ಪಾಡಿಗೆ ಅದು ಸರಿದು ಹೋಗಿತ್ತು, ಅಮ್ಮ ಮಾತ್ರ ಅಲ್ಲೇ ಇದ್ಲು, ಯಾಕಂದ್ರೆ "ಇಲ್ಲೇ ಇರು, ಎಲ್ಲೂ ಹೋಗ್ಬೇಡ" ಅಂತ ಹೇಳಿ ಹೋದವನು ನಾನೇ. ಬ್ಯಾಗಲ್ಲಿ ಎರಡು ಬಾಟಲ್ ನೀರಿತ್ತು, ಒಂದು ಗುಟುಕೂ ಕುಡಿದಿರಲಿಲ್ಲ. ಯಾಕೆ ಅಂದ್ರೆ, ಕುಡಿದ್ರೆ ಟಾಯ್ಲೆಟ್‌ಗೆ ಹೋಗ್ಬೇಕಾಗತ್ತಲ್ಲ, ಆಗ ಬ್ಯಾಗ್ ಯಾರು ನೋಡ್ಕೋತಾರೆ ಅಂದ್ಲು.

ಅವತ್ತಿಂದ ನನ್ನ ಪ್ಲ್ಯಾನಿಂಗೇ ಉಲ್ಟಾ ಆಯ್ತು. ಮುಂಚೆ ಯಾವ ರೈಡ್ ಮೊದಲು, ಯಾವ್ದು ಆಮೇಲೆ ಅಂತ ಲಿಸ್ಟ್ ಮಾಡ್ತಿದ್ದೆ. ಈಗ ಮೊದಲು ಕೇಳ್ಕೊಳ್ಳೋ ಪ್ರಶ್ನೆ, ಬ್ಯಾಗ್ ಯಾರು ಹಿಡ್ಕೋತಾರೆ, ಎಲ್ಲಿ ಕೂತಿರ್ತಾರೆ, ಅವರಿಗೆ ನೆರಳು, ನೀರು, ಟಾಯ್ಲೆಟ್ ಇದ್ಯಾ ಅಂತ. ರೈಡ್ ಹತ್ತೋರಿಗೆ ಗಾಳಿ ಸಿಗತ್ತೆ, ನೀರು ಎರಚತ್ತೆ, ಕ್ಯೂ ಮೇಲೆ ಹೆಚ್ಚಿನ ಕಡೆ ಶೀಟಾದ್ರೂ ಇರತ್ತೆ. ಬಿಸಿಲು ತಿನ್ನೋದು ಕಾಯೋರು, ಅಂದ್ರೆ ವಯಸ್ಸಾದವರು, ಬಸುರಿ ಹೆಂಗಸರು, ಸ್ಟ್ರಾಲರ್‌ನಲ್ಲಿರೋ (ತಳ್ಳೋ ಗಾಡಿ) ಪಾಪು, ಎತ್ತರ ಸಾಲದೆ ಹೊರಗೆ ಉಳಿದ ಚಿಕ್ಕ ಮಗು. ಈ ಕೆಳಗೆ ಬರೆದಿರೋದೆಲ್ಲ ಆ ಲೆಕ್ಕದಲ್ಲೇ ಓದ್ಕೊಳ್ಳಿ.

ಸ್ಟೆಪ್ 1: ದಿನ ಆರಿಸೋದು, ಎತ್ತರ ಅಳೆಯೋದು

ರಜೆ ದಿನ, ವೀಕೆಂಡ್ ಬಿಟ್ಟು ವಾರದ ಮಧ್ಯೆ ಹೋಗೋಕಾದ್ರೆ ಅರ್ಧ ಕಷ್ಟ ಅಲ್ಲೇ ಕಡಿಮೆ ಆಗತ್ತೆ, ಇದು ಎಲ್ಲರಿಗೂ ಗೊತ್ತಿರೋದೆ, ಆದ್ರೆ ಎಲ್ಲರಿಗೂ ಆಗಲ್ಲ ಬಿಡಿ, ಮಕ್ಕಳಿಗೆ ರಜೆ ಇದ್ದಾಗಲೇ ತಾನೇ ಹೋಗೋದು. ಹವಾಮಾನ ನೋಡುವಾಗ ಬರೀ ಡಿಗ್ರಿ ನೋಡ್ಬೇಡಿ, ತೇವಾಂಶನೂ ನೋಡಿ. ನಮ್ಮ ಮೈ ತಂಪಾಗೋದು ಬೆವರು ಬಂದಿದ್ದಕ್ಕಲ್ಲ, ಬಂದ ಬೆವರು ಆರೋದಕ್ಕೆ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ರೆ ಬೆವರು ಆರಲ್ಲ, ಸುಮ್ನೆ ಇಳಿದು ಹೋಗತ್ತೆ, ಮೈ ಒಳಗೆ ಬಿಸಿ ಏರ್ತಾನೇ ಇರತ್ತೆ. ಅದಕ್ಕೇ ಒಣ ಹವೆಯ 37 ಡಿಗ್ರಿಗಿಂತ ಜಿಗುಟು ಹವೆಯ 33 ಡಿಗ್ರಿನೇ ಒಮ್ಮೊಮ್ಮೆ ಜೀವ ಹಿಂಡತ್ತೆ. ಫೋನಲ್ಲಿ 'ಫೀಲ್ಸ್ ಲೈಕ್' ಅಂತ ತೋರಿಸ್ತಾರಲ್ಲ, ಅದನ್ನೇ ನಂಬಿ. ಮೋಡ ಇದೆ ಅಂತ ಸನ್‌ಸ್ಕ್ರೀನ್ ಬಿಟ್ಟು ಹೋಗ್ಬೇಡಿ, ಯುವಿ ಕಿರಣ ಮೋಡ ದಾಟ್ಕೊಂಡು ಬರತ್ತೆ.

ಇನ್ನೊಂದು, ಮನೆಯಲ್ಲೇ ಶೂ ಹಾಕಿಸಿ ಮಕ್ಕಳ ಎತ್ತರ ಅಳೆದಿಟ್ಕೊಳ್ಳಿ. ದೊಡ್ಡ ಕೋಸ್ಟರ್‌ಗಳಿಗೆ 122 ಸೆಂಟಿಮೀಟರ್, ಕೆಲವಕ್ಕೆ 137, ಸಾಧಾರಣದ್ದಕ್ಕೆ 102 ಅಥವಾ 107 ಅಂತ ಇರೋದು ಹೆಚ್ಚು, ಪಾರ್ಕಿನ ಸೈಟಲ್ಲಿ ಪ್ರತಿ ರೈಡಿಗೂ ಬರೆದಿರ್ತಾರೆ. ಮನೆಯಲ್ಲೇ "ಈ ಮೂರು ನಿಂಗೆ ಈ ವರ್ಷ ಇಲ್ಲ ಪುಟ್ಟ" ಅಂತ ಹೇಳಿ ಅಳಿಸೋದೇ ವಾಸಿ, ಒಂದು ಗಂಟೆ ಬಿಸಿಲಲ್ಲಿ ನಿಂತು ಬಾಗಿಲ ಹತ್ರ ಹೋದ್ಮೇಲೆ ಅಳಿಸೋದಕ್ಕಿಂತ. ಶೂ ಒಳಗೆ ಬಟ್ಟೆ ತುಂಬಿ ಎತ್ತರ ಮಾಡೋ ಬುದ್ಧಿವಂತರನ್ನೂ ನೋಡಿದೀನಿ, ದಯವಿಟ್ಟು ಬೇಡ. ಸೀಟಿನ ಆ ಕಬ್ಬಿಣದ ಹಿಡಿತ ಇಷ್ಟು ಎತ್ತರದ ಮೈಗೆ ಅಂತಲೇ ಮಾಡಿರೋದು, ಅದಕ್ಕಿಂತ ಚಿಕ್ಕ ಮೈ ಅದರಿಂದ ಜಾರಬಹುದು.

ಟಿಕೆಟ್ ಆನ್‌ಲೈನಲ್ಲೇ ತಗೊಂಡು ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಗೇಟ್ ಹತ್ರ ಎಲ್ಲರೂ ಒಟ್ಟಿಗೆ ಫೋನ್ ತೆಗೆದಾಗ ನೆಟ್‌ವರ್ಕ್ ಮಲಗಿರತ್ತೆ.

ಸ್ಟೆಪ್ 2: ಹಿಂದಿನ ರಾತ್ರಿ ಬ್ಯಾಗ್

ಬ್ಯಾಗ್ ದೊಡ್ಡದಾದಷ್ಟೂ ಅದನ್ನ ಕಾಯೋರ ಕೆಲಸ ಜಾಸ್ತಿ, ಇದು ನೆನಪಿರ್ಲಿ. ಒಂದು ಸಾಧಾರಣ ಬೆನ್ನಿನ ಬ್ಯಾಗ್, ಅಷ್ಟೇ. ಅದರಲ್ಲಿ ಹಿಡಿಯದೇ ಇರೋದು ಕಾರಲ್ಲಿ ಇಲ್ಲ ಲಾಕರಲ್ಲಿ ಇರ್ಲಿ.

ನೀರಿನ ಬಾಟಲ್‌ಗೆ ಒಂದು ಟ್ರಿಕ್ಕಿದೆ. ಅರ್ಧ ನೀರು ತುಂಬಿ ಫ್ರೀಜರಲ್ಲಿ ಓರೆಯಾಗಿ ಮಲಗಿಸಿ, ಬೆಳಗ್ಗೆ ಉಳಿದರ್ಧ ನೀರು ತುಂಬಿಸಿ. ಪೂರ್ತಿ ಗಡ್ಡೆ ಮಾಡಿದ್ರೆ ಬಾಯಾರಿಕೆ ಆದಾಗ ಕುಡಿಯೋಕೆ ನೀರೇ ಇರಲ್ಲ, ಬಾಟಲನ್ನ ಅಲ್ಲಾಡಿಸ್ತಾ ನಿಂತಿರ್ಬೇಕು, ಅದರ ಮೇಲೆ ಪೂರ್ತಿ ತುಂಬಿದ ಬಾಟಲ್ ಫ್ರೀಜರಲ್ಲಿ ಒಡೆಯೋದೂ ಉಂಟು. ಗಾಜಿನ ಬಾಟಲ್ ಹೆಚ್ಚಿನ ಕಡೆ ಒಳಗೆ ಬಿಡೋದಿಲ್ಲ. ಹೊರಗಿನ ನೀರೇ ಬಿಡಲ್ಲ ಅನ್ನೋ ಪಾರ್ಕಾದ್ರೆ ಖಾಲಿ ಬಾಟಲ್ ಬಿಡ್ತಾರಾ ಅಂತ ಮುಂಚೆನೇ ಫೋನ್ ಮಾಡಿ ಕೇಳ್ಕೊಳ್ಳಿ, ಎಷ್ಟೋ ಕಡೆ ಬಿಡ್ತಾರೆ, ಒಳಗೆ ತುಂಬಿಸ್ಕೊಂಡ್ರಾಯ್ತು.

ಆಮೇಲೆ ತೆಳು ಹತ್ತಿ ಟವೆಲ್ ತಲೆಗೊಂದು. ಕತ್ತಿಗೆ ಒದ್ದೆ ಟವೆಲ್ ಹಾಕ್ಕೊಳ್ಳೋದರ ಮುಂದೆ ಬೇರೆ ಯಾವ ಗ್ಯಾಜೆಟ್ಟೂ ನಿಲ್ಲಲ್ಲ. ಕೈಯಲ್ಲಿ ಹಿಡಿಯೋ ಆ ಬ್ಯಾಟರಿ ಫ್ಯಾನ್ ಇದ್ಯಲ್ಲ, ಅದು ಒಣ ಮುಖದ ಮೇಲೆ ಬಿಟ್ರೆ ಗಾಳಿ 35 ಡಿಗ್ರಿ ದಾಟಿದ ದಿನ ಬಿಸಿ ಗಾಳಿನೇ ಊದತ್ತೆ, ಯಾಕಂದ್ರೆ ಚರ್ಮದ ಬಿಸಿನೂ ಹೆಚ್ಚುಕಮ್ಮಿ ಅಷ್ಟೇ ಇರೋದು. ಮುಖ ಒದ್ದೆ ಮಾಡ್ಕೊಂಡು ಆಮೇಲೆ ಫ್ಯಾನ್ ಹಿಡಿದ್ರೆ ಅದೇ ಫ್ಯಾನ್ ಬೇರೆ ಥರ ಕೆಲಸ ಮಾಡತ್ತೆ. ಹಾಗಾಗಿ ಒಂದು ಚಿಕ್ಕ ಸ್ಪ್ರೇ ಬಾಟಲ್ ಜೊತೆಗಿದ್ರೆ ಮಾತ್ರ ಫ್ಯಾನ್ ತಗೊಳ್ಳಿ.

ಓಆರ್‌ಎಸ್ ಪುಡಿ ಎರಡು ಮೂರು ಪ್ಯಾಕೆಟ್ ಹಾಕ್ಕೊಳ್ಳಿ, ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತ ಬರೆದಿದ್ಯೋ ಅಷ್ಟಕ್ಕೇ ಕಲಸಬೇಕು, ಗಟ್ಟಿ ಮಾಡಿದ್ರೆ ಜಾಸ್ತಿ ಒಳ್ಳೇದು ಅಂತ ಏನಿಲ್ಲ, ಮಕ್ಕಳಿಗೆ ಅದು ಕೆಟ್ಟದ್ದೇ. ಪ್ಯಾಕೆಟ್ ಸಿಗದಿದ್ರೆ 1 ಲೀಟರ್ ಕುಡಿಯೋ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಚಮಚದ ಮಟ್ಟಕ್ಕೆ ಗೀರಿ ತೆಗೆದಿದ್ದು. ಉಪ್ಪು ಹೆಚ್ಚಾಗೋ ಹಾಗಿಲ್ಲ.

ಇನ್ನು ಚಿಲ್ಲರೆ ಐಟಮ್ಸ್: ಪ್ರತಿಯೊಬ್ಬರಿಗೂ ಒಂದು ಜೊತೆ ಎಕ್ಸ್‌ಟ್ರಾ ಸಾಕ್ಸ್ (ನೀರಿನ ರೈಡ್ ಆದ್ಮೇಲೆ ಒದ್ದೆ ಸಾಕ್ಸಲ್ಲಿ ನಡೆದ್ರೆ ಬೊಕ್ಕೆ ಗ್ಯಾರಂಟಿ), ತೊಡೆ ಉಜ್ಜೋ ಕಡೆ ಹಚ್ಚೋಕೆ ವ್ಯಾಸಲೀನ್, ಬ್ಯಾಂಡೇಜ್, ಫೋನ್ ಹಾಕೋಕೆ ಜಿಪ್ ಕವರ್, ಪವರ್ ಬ್ಯಾಂಕ್, ದಿನಾ ತಗೊಳ್ಳೋ ಮಾತ್ರೆ. ಮಾತ್ರೆ ವಿಷಯದಲ್ಲಿ ಒಂದು ಮಾತು. ಬಿಪಿ, ಹಾರ್ಟಿಗೆ ಕೊಡೋ ಕೆಲವು ಮಾತ್ರೆ, ಅದರಲ್ಲೂ ಮೂತ್ರ ಜಾಸ್ತಿ ಮಾಡೋವು, ಅಲರ್ಜಿಯ ಕೆಲವು ಮಾತ್ರೆ, ಇವು ಮೈ ಬಿಸಿ ತಡೆಯೋ ಶಕ್ತಿನ ಕಡಿಮೆ ಮಾಡ್ತವೆ. ನೀವೇ ಡಾಕ್ಟರಾಗಿ ಮಾತ್ರೆ ಬಿಡ್ಬೇಡಿ. ಹಿಂದಿನ ವಾರನೇ ನಿಮ್ಮ ಡಾಕ್ಟರನ್ನ ಒಂದ್ಸಲ ಕೇಳಿ, ಇಷ್ಟು ಬಿಸಿಲಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದೀವಿ, ಏನಾದ್ರೂ ಜಾಗ್ರತೆ ಬೇಕಾ ಅಂತ.

ಸ್ಟೆಪ್ 3: ಬೆಳಗ್ಗೆ ಮನೆ ಬಿಡೋ ಮುಂಚೆ

ತಿಳಿ ಬಣ್ಣದ, ಸಡಿಲ, ತೆಳು ಬಟ್ಟೆ. ತೋಳಿಲ್ಲದ ಬನಿಯನ್ ಥರದ್ದು ತಂಪು ಅನ್ಸತ್ತೆ ಆದ್ರೆ ಭುಜ ಸುಟ್ಟು ಸಾಯಂಕಾಲ ಬ್ಯಾಗ್ ಪಟ್ಟಿ ಮುಟ್ಟಿಸ್ಕೊಳ್ಳೋಕಾಗಲ್ಲ. ಚಪ್ಪಲಿ ಬೇಡ, ಕಾಲಿಗೆ ಕಚ್ಕೊಂಡು ನಿಲ್ಲೋ ಸ್ಯಾಂಡಲ್ ಅಥವಾ ಹಳೇ ಶೂ. ಹೊಸ ಶೂನ ಅವತ್ತೇ ಉದ್ಘಾಟನೆ ಮಾಡೋರು ಮಧ್ಯಾಹ್ನ ಬೆಂಚಲ್ಲಿ ಕಾಲು ಹಿಡ್ಕೊಂಡು ಕೂತಿರ್ತಾರೆ.

ಸನ್‌ಸ್ಕ್ರೀನ್ ಮನೆಯಲ್ಲೇ ಹಚ್ಕೊಂಡು ಹೊರಡಿ, ಬಿಸಿಲಿಗೆ ಹೋಗೋ 15-20 ನಿಮಿಷ ಮುಂಚೆ. ಟ್ಯೂಬ್ ಮೇಲೆ ಬರೆದಿರೋ ಎಸ್‌ಪಿಎಫ್ ನಂಬರ್ 30 ಇದ್ರೆ ಚರ್ಮ ಸುಡೋ ಯುವಿಬಿ ಕಿರಣದಲ್ಲಿ ಸುಮಾರು 97 ಪರ್ಸೆಂಟ್ ತಡೆಯತ್ತೆ, 50 ಇದ್ರೆ 98. ಅಂದ್ರೆ ನಂಬರಿಗೆ ಜಾಸ್ತಿ ದುಡ್ಡು ಸುರಿಯೋದಕ್ಕಿಂತ ಹಚ್ಚೋ ಪ್ರಮಾಣದಲ್ಲಿ ಜಿಪುಣತನ ಬಿಡೋದು ಮುಖ್ಯ. ದೊಡ್ಡವರ ಇಡೀ ಮೈಗೆ ಸುಮಾರು 30 ಎಂಎಲ್ ಬೇಕು, ನಾವು ಹಚ್ಚೋದು ಅದರ ಕಾಲು ಭಾಗನೂ ಇರಲ್ಲ. ಕಿವಿ, ಕತ್ತಿನ ಹಿಂದೆ, ಪಾದದ ಮೇಲೆ, ಬೈತಲೆ, ಇವೇ ಎಲ್ಲರೂ ಮರೆಯೋ ಜಾಗ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ನೀರಿಗೆ ಇಳಿದು ಬಂದ್ರೆ ಒರೆಸ್ಕೊಂಡ ತಕ್ಷಣ.

ಆರು ತಿಂಗಳೊಳಗಿನ ಪಾಪು ಇದ್ರೆ ನನ್ನ ಕೇಳಿದ್ರೆ ಇಂಥ ದಿನ ಕರ್ಕೊಂಡು ಹೋಗೋದೇ ಬೇಡ. ಹೋಗಲೇಬೇಕು ಅಂದ್ರೆ ಅದಕ್ಕೆ ಸನ್‌ಸ್ಕ್ರೀನ್ ಅಲ್ಲ, ನೆರಳೇ ರಕ್ಷಣೆ. ಬಾಯಾರಿಕೆಗೆ ನೀರಲ್ಲ, ಎದೆಹಾಲು ಅಥವಾ ಅದು ಕುಡಿಯೋ ಹಾಲನ್ನೇ ಪದೇ ಪದೇ ಕೊಡಿ. ಸ್ಟ್ರಾಲರ್ ಮೇಲೆ ಬಟ್ಟೆ ಹೊದಿಸಿ ನೆರಳು ಮಾಡೋದು ತುಂಬಾ ಜನ ಮಾಡ್ತಾರೆ, ಒಳ್ಳೇ ಮನಸ್ಸಿಂದಲೇ ಮಾಡ್ತಾರೆ, ಆದ್ರೆ ಒಳಗೆ ಗಾಳಿ ಆಡದೆ ಗೂಡಿನ ಹಾಗೆ ಬಿಸಿ ಆಗತ್ತೆ. ಸ್ಟ್ರಾಲರಿನ ಸ್ವಂತ ಚಾವಣಿ ಎತ್ತಿ, ಮುಂದೆ ಪೂರ್ತಿ ತೆರೆದಿರ್ಲಿ.

ಗೇಟ್ ಹತ್ರ ಇಳಿದ ಕೂಡಲೇ ಪ್ರತಿ ಮಗುವಿನ ಒಂದು ಫೋಟೋ ತೆಗೀರಿ, ಅವತ್ತಿನ ಬಟ್ಟೆ ಶೂ ಕಾಣೋ ಹಾಗೆ. ಕಳೆದುಹೋದಾಗ ಯಾವ ಕಲರ್ ಟೀ ಶರ್ಟ್ ಅಂದ್ರೆ ಗಾಬರಿಯಲ್ಲಿ ಹೆತ್ತವರಿಗೂ ನೆನಪಾಗಲ್ಲ. ಮುಂಗೈ ಒಳಭಾಗದಲ್ಲಿ ಪೆನ್ನಲ್ಲಿ ಫೋನ್ ನಂಬರ್ ಬರೆದು ಮೇಲೆ ಪಾರದರ್ಶಕ ಬ್ಯಾಂಡೇಜ್ ಅಂಟಿಸಿ. "ನಾವು ಕಾಣದಿದ್ರೆ ಹುಡುಕ್ಕೊಂಡು ಓಡ್ಬೇಡ, ಅಲ್ಲೇ ನಿಂತ್ಕೋ, ಕುತ್ತಿಗೇಲಿ ಬ್ಯಾಡ್ಜ್ ಹಾಕಿರೋ ಸ್ಟಾಫ್‌ಗೆ ಹೇಳು" ಅಂತ ಎರಡು ಸಲ ಬಾಯಲ್ಲಿ ಹೇಳಿಸಿ. ನಿಜವಾದ ಸ್ಟಾಫ್ ಯೂನಿಫಾರ್ಮ್ ಹೇಗಿದೆ ಅಂತ ಅಲ್ಲೇ ಒಬ್ಬರನ್ನ ತೋರಿಸಿ.

ಸ್ಟೆಪ್ 4: ಗೇಟ್ ತೆಗೆಯೋ ಅರ್ಧ ಗಂಟೆ ಮುಂಚೆ ಅಲ್ಲಿರಿ

ಇಡೀ ದಿನದಲ್ಲಿ ಮೊದಲ ಒಂದೂವರೆ ಗಂಟೆಗೆ ಇರೋ ಬೆಲೆ ಬೇರೆ ಯಾವ ಹೊತ್ತಿಗೂ ಇಲ್ಲ, ಬಿಸಿಲೂ ಏರಿರಲ್ಲ ಜನರೂ ಬಂದಿರಲ್ಲ, ಆಗ ನೀವು ಹೊಡೆಯೋ ಮೂರು ನಾಲ್ಕು ದೊಡ್ಡ ರೈಡಿಗೆ ಮಧ್ಯಾಹ್ನ ಮೂರು ನಾಲ್ಕು ಗಂಟೆ ಬೇಕಾಗತ್ತೆ. ಒಳಗೆ ಹೋದವರೆಲ್ಲ ಮೊದಲು ಕಾಣೋ ರೈಡ್ ಮುಂದೆನೇ ನಿಂತ್ಬಿಡ್ತಾರೆ. ನೀವು ಸೀದಾ ಕೊನೇ ಮೂಲೆಗೆ ನಡೀರಿ, ಅಲ್ಲಿಂದ ಹಿಂದಕ್ಕೆ ಬನ್ನಿ.

ಆದ್ರೆ ಅದಕ್ಕಿಂತ ಮುಂಚೆ ಒಂದು ಹತ್ತು ನಿಮಿಷದ ಕೆಲಸ ಇದೆ, ಅದೇ ಬ್ಯಾಗ್ ಹಿಡಿಯೋರ ಠಿಕಾಣಿ ಹುಡುಕೋದು. ಎಸಿ ಇರೋ ಹೋಟೆಲ್, ಶೋ ನಡೆಯೋ ಹಾಲ್, ಇಲ್ಲಾಂದ್ರೆ ದೊಡ್ಡ ಮರ. ಟಾಯ್ಲೆಟ್ ಹತ್ರ ಇರ್ಬೇಕು, ಕುಡಿಯೋ ನೀರು ಹತ್ರ ಇರ್ಬೇಕು. ಹೊರಗಿನ ಬೆಂಚೇ ಗತಿ ಅಂದ್ರೆ ಸೂರ್ಯ ಯಾವ ಕಡೆ ಹೋಗ್ತಾನೆ ಅಂತ ನೋಡಿ, ಮಧ್ಯಾಹ್ನ ಆದ್ಮೇಲೆ ನೆರಳು ಪೂರ್ವಕ್ಕೆ ಬೀಳತ್ತೆ, ಅಂದ್ರೆ ಕಟ್ಟಡದ ಪೂರ್ವ ಬದಿಯ ಬೆಂಚು ಹಿಡೀರಿ. ನಾನು ಅವತ್ತು ಇಷ್ಟು ಸಣ್ಣ ವಿಷಯ ಯೋಚನೆ ಮಾಡಿದ್ರೆ ಸಾಕಿತ್ತು. ಲಾಕರ್ ಇದ್ರೆ ಬ್ಯಾಗ್ ಅಲ್ಲಿಟ್ಟು ಎಲ್ಲರೂ ಕೈ ಬೀಸ್ಕೊಂಡು ಓಡಾಡಬಹುದು, ಲಾಕರ್ ದುಡ್ಡು ದಂಡ ಅಂತ ನಂಗೂ ಮುಂಚೆ ಅನಿಸ್ತಿತ್ತು.

ಕ್ಯೂ ಹೊರಗಡೆ ಹಾಕಿರೋ 'ವೇಟಿಂಗ್ ಟೈಮ್' ಬೋರ್ಡ್ ಸುಳ್ಳು ಹೇಳತ್ತೆ ಅನಿಸಿದ್ರೆ ನೀವೇ ಲೆಕ್ಕ ಹಾಕಿ. ಒಂದು ಟ್ರಿಪ್ಪಿಗೆ ಎಷ್ಟು ಸೀಟು, ಎರಡು ಟ್ರಿಪ್ ನಡುವೆ ಎಷ್ಟು ಹೊತ್ತು ಅಂತ ಫೋನಿನ ಗಡಿಯಾರದಲ್ಲಿ ನೋಡ್ಕೊಳ್ಳಿ. 24 ಸೀಟಿನ ಟ್ರೇನ್ 90 ಸೆಕೆಂಡಿಗೊಂದು ಹೊರಟ್ರೆ ಗಂಟೆಗೆ 40 ಟ್ರಿಪ್, ಅಂದ್ರೆ 960 ಜನ. ನಿಮ್ಮ ಮುಂದೆ ಅಂದಾಜು 480 ಜನ ಇದ್ರೆ ಅರ್ಧ ಗಂಟೆ. ಅದೇ ಒಂದು ಸಲಕ್ಕೆ 8 ಜನ ಕೂರೋ, 3 ನಿಮಿಷ ತಿರುಗೋ, ಹತ್ತಿ ಇಳಿಯೋಕೆ ಇನ್ನೆರಡು ನಿಮಿಷ ಹಿಡಿಯೋ ಚಿಕ್ಕ ರೈಡಾದ್ರೆ ಗಂಟೆಗೆ ಬರೀ 96 ಜನ, ಅಲ್ಲಿ ಮುಂದೆ 60 ಜನ ಇದ್ರೂ ಹತ್ರ ಹತ್ರ ನಲವತ್ತು ನಿಮಿಷ ಆಗೋಗತ್ತೆ. ಹಾಗಾಗಿ ಕ್ಯೂ ಉದ್ದ ನೋಡಿ ಮೋಸ ಹೋಗ್ಬೇಡಿ, ಪುಟಾಣಿ ಕ್ಯೂಗಳೇ ಮಧ್ಯಾಹ್ನ ಸುಡೋದು. ನನ್ನ ನಿಯಮ: ನೆರಳಿಲ್ಲದ ಕ್ಯೂನಲ್ಲಿ 20 ನಿಮಿಷಕ್ಕಿಂತ ಜಾಸ್ತಿ ಮಕ್ಕಳನ್ನ ನಿಲ್ಲಿಸಲ್ಲ, ರೈಡ್ ಯಾವ್ದೇ ಇರ್ಲಿ.

ಚಿಕ್ಕ ಮಗು ಇದ್ರೆ 'ರೈಡರ್ ಸ್ವಿಚ್' ಅಥವಾ 'ಚೈಲ್ಡ್ ಸ್ವಾಪ್' ಇದ್ಯಾ ಅಂತ ಕೇಳಿ. ಗಂಡ ಮೊದಲು ರೈಡ್ ಹೋಗಿ ಬರೋವರೆಗೆ ಹೆಂಡತಿ ಮಗು ಜೊತೆ ಇರೋದು, ಆಮೇಲೆ ಹೆಂಡತಿ ಮತ್ತೆ ಕ್ಯೂ ನಿಲ್ಲದೆ ಹೋಗೋದು. ಎಲ್ಲಾ ಕಡೆ ಇರಲ್ಲ, ಇದ್ರೂ ಬೋರ್ಡ್ ಹಾಕಿರಲ್ಲ, ಬಾಯಿಬಿಟ್ಟು ಕೇಳಿದವರಿಗೆ ಕೊಡ್ತಾರೆ.

ಸ್ಟೆಪ್ 5: ನೀರು, ಗಡಿಯಾರ ನೋಡಿ ಕುಡಿಯೋದು

ಬಾಯಾರಿಕೆ ಆದಾಗ ಕುಡೀತೀವಿ ಅನ್ನೋದು ಮನೆಯಲ್ಲಿ ಸರಿ, ಇಲ್ಲಿ ಅಲ್ಲ. ಮಕ್ಕಳಿಗೆ ಆಟದಲ್ಲಿ ನೆನಪೇ ಆಗಲ್ಲ, ವಯಸ್ಸಾದವರಿಗೆ ಬಾಯಾರಿಕೆ ಅನ್ನೋದೇ ಮಂದ ಆಗಿರತ್ತೆ. ಬಿಸಿಲಲ್ಲಿ ದುಡಿಯೋರಿಗೆ ಹೇಳೋ ಲೆಕ್ಕ ಏನಂದ್ರೆ 15-20 ನಿಮಿಷಕ್ಕೊಂದು ಲೋಟ, ಸುಮಾರು 240 ಎಂಎಲ್. ನಾವು ಅಷ್ಟು ದುಡಿಯಲ್ಲ, ಆದ್ರೂ ದೊಡ್ಡವರು ಅರ್ಧ ಗಂಟೆಗೊಂದು ಲೋಟ, ಮಕ್ಕಳು ಪ್ರತಿ ಕ್ಯೂ ಸೇರೋವಾಗ ನಾಲ್ಕೈದು ಗುಟುಕು, ಹೊರಗೆ ಬಂದ್ಮೇಲೆ ನಾಲ್ಕೈದು ಗುಟುಕು ಅಂತ ಇಟ್ಕೊಂಡಿದೀವಿ. ಹಾರ್ಟ್, ಕಿಡ್ನಿ ತೊಂದ್ರೆ ಇದ್ದು ನೀರು ಅಳತೆ ಮಾಡಿ ಕುಡಿಯೋರು ಡಾಕ್ಟರ್ ಹೇಳಿದ ಅಳತೆಯಲ್ಲೇ ಇರ್ಲಿ.

ಜಾಸ್ತಿ ಆದ್ರೂ ಕಷ್ಟ. ಗಂಟೆಗೆ ಒಂದೂವರೆ ಲೀಟರ್ ದಾಟಿಸಿ ಬರೀ ನೀರು ಸುರ್ಕೋತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗತ್ತೆ, ನೋಡೋಕೆ ಬಿಸಿಲು ಹೊಡೆದ ಹಾಗೇ ಇರತ್ತೆ, ಜನ ಇನ್ನೂ ನೀರು ಕುಡಿಸ್ತಾರೆ. ಅದಕ್ಕೇ ನೀರಿನ ಜೊತೆ ಏನಾದ್ರೂ ಉಪ್ಪಿರೋದು ತಿನ್ನಿ, ನಾಲ್ಕೈದು ಗಂಟೆ ಬೆವರಿದ ಮೇಲೆ ಒಂದು ಸಲ ಓಆರ್‌ಎಸ್. ಕೂಲ್‌ಡ್ರಿಂಕ್ಸ್ ಬೇಡ್ವೇ ಬೇಡ ಅಂತ ನಾನು ಹೇಳಲ್ಲ, ಮಕ್ಕಳನ್ನ ಕರ್ಕೊಂಡು ಹೋಗಿ ಅಷ್ಟೂ ಕೊಡಿಸದಿದ್ರೆ ಹೇಗೆ, ಆದ್ರೆ ಅದನ್ನ ನೀರಿನ ಲೆಕ್ಕಕ್ಕೆ ಸೇರಿಸ್ಬೇಡಿ.

ಸರಿಯಾಗಿ ಕುಡೀತಿದೀವಾ ಅಂತ ಗೊತ್ತಾಗೋದು ಟಾಯ್ಲೆಟ್‌ನಲ್ಲಿ. ತಿಳಿ ಹಳದಿ ಇದ್ರೆ ಓಕೆ, ಗಾಢ ಹಳದಿ ಇದ್ರೆ ಸಾಲ್ತಿಲ್ಲ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಯಾರಿಗಾದ್ರೂ ಹೋಗೋಕೇ ಬಂದಿಲ್ಲ ಅಂದ್ರೆ ಅವರ ಮೇಲೆ ಕಣ್ಣಿಡಿ. ದೊಡ್ಡವರನ್ನ ಈ ಪ್ರಶ್ನೆ ಕೇಳೋಕೆ ಮುಜುಗರ, ಗೊತ್ತು. ನಾನು ಕೇಳೋದೇ ಬಿಟ್ಟು "ಬಾಮ್ಮ, ಟಾಯ್ಲೆಟ್ ಕಡೆ ಹೋಗಿ ಬರೋಣ, ಬ್ಯಾಗ್ ನಾನು ಹಿಡ್ಕೋತೀನಿ" ಅಂತ ಪ್ರತಿ ಎರಡು ಗಂಟೆಗೆ ಕರ್ಕೊಂಡು ಹೋಗ್ತೀನಿ. ಟಾಯ್ಲೆಟ್ ಚಿಂತೆ ಹೋದ್ರೆ ನೀರು ತಾನಾಗೇ ಒಳಗೆ ಹೋಗತ್ತೆ.

ಬಿಸಿಲು, ನೀರು, ಟಾಯ್ಲೆಟ್ ಈ ಮೂರರ ಜಗಳ ಹೊಸದೇನಲ್ಲ. 1955ರ ಜುಲೈ 17ಕ್ಕೆ ಅಮೆರಿಕದ ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಶುರುವಾದ ದಿನ ಬಿಸಿಲು 38 ಡಿಗ್ರಿ ಹತ್ರ ಇತ್ತು, ಪ್ಲಂಬರ್‌ಗಳ ಮುಷ್ಕರ ನಡೆದಿದ್ದರಿಂದ ಟಾಯ್ಲೆಟ್ ಬೇಕಾ ಕುಡಿಯೋ ನೀರಿನ ನಲ್ಲಿ ಬೇಕಾ ಅಂತ ಆರಿಸ್ಬೇಕಾದ ಪರಿಸ್ಥಿತಿ, ಪಾರ್ಕ್ ಕಟ್ಟಿಸಿದ ವಾಲ್ಟ್ ಡಿಸ್ನಿ ಟಾಯ್ಲೆಟ್ ಅಂದ. ನಕಲಿ ಟಿಕೆಟ್ ಹಿಡ್ಕೊಂಡು ಬಂದೋರು ಬೇರೆ ಸೇರಿ ಜನ ಲೆಕ್ಕಕ್ಕಿಂತ ಜಾಸ್ತಿ ಆಗಿ, ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೈ ಹೀಲ್ಸ್ ಅದರಲ್ಲಿ ಹೂತುಹೋಗ್ತಿತ್ತಂತೆ.

ಸ್ಟೆಪ್ 6: ಹನ್ನೊಂದೂವರೆಯಿಂದ ನಾಲ್ಕರವರೆಗೆ ಸೋಲೊಪ್ಕೊಳ್ಳಿ

ಇಲ್ಲೇ ಎಲ್ಲರೂ ಎಡವೋದು. ಟಿಕೆಟ್‌ಗೆ ಇಷ್ಟು ಕೊಟ್ಟಿದೀವಿ, ಪೈಸಾ ವಸೂಲ್ ಆಗ್ಬೇಕು ಅಂತ ನೆತ್ತಿ ಮೇಲೆ ಸೂರ್ಯ ಇದ್ದಾಗಲೂ ಕಾಲಿಗೆ ಚಕ್ರ ಕಟ್ಕೊಂಡು ಓಡ್ತಾರೆ, ಮೂರು ಗಂಟೆಗೆ ಒಂದು ಮಗು ವಾಂತಿ, ಇನ್ನೊಂದು ರಂಪ, ಗಂಡ ಹೆಂಡತಿ ಮಧ್ಯೆ ಮಾತಿಲ್ಲ, ನಾಲ್ಕಕ್ಕೆಲ್ಲ ಕಾರಲ್ಲಿರ್ತಾರೆ, ಅಂದ್ರೆ ಚೆನ್ನಾಗಿರೋ ಸಾಯಂಕಾಲ ಪೂರ್ತಿ ಕೈಬಿಟ್ಟು ಹೋಯ್ತು.

ಊಟಕ್ಕೆ ಹನ್ನೊಂದೂಕಾಲಿಗೇ ಹೋಗಿ, ಟೇಬಲ್ ಸಿಗತ್ತೆ, ಒಂದು ಗಂಟೆಗೆ ಎಲ್ಲರೂ ಬರೋ ಹೊತ್ತಿಗೆ ನೀವು ಎದ್ದಿರ್ತೀರ. ಹೊಟ್ಟೆ ಬಿರಿಯೋ ಹಾಗೆ ಬೇಡ, ಸ್ವಲ್ಪ ಸ್ವಲ್ಪ ಎರಡು ಮೂರು ಸಲ ತಿನ್ನಿ, ತಿಂದ ಮೇಲೆ ಗಿರಗಿಟ್ಟೆ ಥರ ತಿರುಗೋ ರೈಡ್ ಒಂದು ಗಂಟೆ ಮುಟ್ಬೇಡಿ. ಆಮೇಲೆ ಒಳಾಂಗಣದ್ದೆಲ್ಲ ಈ ಹೊತ್ತಿಗೆ ಇಟ್ಕೊಳ್ಳಿ, 3ಡಿ ಶೋ, ಕತ್ತಲೆ ರೈಡ್, ಹಿಮದ ಹಾಲ್, ಮ್ಯಾಜಿಕ್, ಏನಿದ್ರೂ ಸರಿ, ಕಳಪೆ ಶೋ ಆದ್ರೂ ಸರಿ, ಎಸಿ ಇದ್ಯಲ್ಲ. ಚಿಕ್ಕ ಮಕ್ಕಳು ಒಂದು ಗಂಟೆ ಮಲಗಿದ್ರೆ ಮಲಗ್ಲಿ ಬಿಡಿ, ಎಬ್ಬಿಸ್ಬೇಡಿ. ಇಳಿವಯಸ್ಸಿನವರೂ ಈ ಹೊತ್ತಲ್ಲಿ ಪಕ್ಕದಲ್ಲೇ ನಿಮ್ಮ ಜೊತೆ ಕೂತಿರ್ತಾರೆ, ದಿನದಲ್ಲಿ ಎಲ್ಲರೂ ಒಟ್ಟಿಗಿರೋ ಹೊತ್ತು ಅಂದ್ರೆ ಇದೇ, ನಮ್ಮ ಮನೆಯ ಒಳ್ಳೇ ಫೋಟೋಗಳೆಲ್ಲ ಈ ಹೊತ್ತಿನವೇ.

ನೀರಿನ ಆಟ ಇದ್ರೆ ಅದನ್ನ ಹತ್ತೂವರೆಗೆ ಇಲ್ಲ ಮೂರೂವರೆ ಮೇಲೆ ಇಟ್ಕೊಳ್ಳಿ. ನೀರಲ್ಲಿದ್ದಾಗ ತಂಪು ಅನ್ಸತ್ತೆ ಅಷ್ಟೇ, ಬಿಸಿಲು ಸುಡ್ತಾನೇ ಇರತ್ತೆ, ಬೆವರೂ ಹೋಗ್ತಾನೇ ಇರತ್ತೆ, ಗೊತ್ತಾಗಲ್ಲ. ಮಕ್ಕಳಿಗೆ ನೀಲಿ, ಬಿಳಿ ಈಜುಡುಗೆ ಹಾಕ್ಬೇಡಿ, ನೀರೊಳಗೆ ಹೋದ್ರೆ ಕಣ್ಣಿಗೇ ಬೀಳಲ್ಲ, ಮಿಂಚೋ ಕಿತ್ತಳೆ ಬಣ್ಣ ಎದ್ದು ಕಾಣತ್ತೆ. ವೇವ್ ಪೂಲ್‌ನಲ್ಲಿ ಚಿಕ್ಕ ಮಕ್ಕಳು ಕೈಚಾಚಿದ್ರೆ ಸಿಗೋಷ್ಟು ಹತ್ರ ಇರ್ಬೇಕು, ಲೈಫ್‌ಗಾರ್ಡ್ ಇದಾನೆ ಅಂತ ಫೋನ್ ನೋಡ್ತಾ ಕೂರೋದಲ್ಲ, ಮುಳುಗೋ ಮಗು ಸಿನಿಮಾದಲ್ಲಿ ತೋರಿಸೋ ಹಾಗೆ ಕೂಗಲ್ಲ, ಸದ್ದೇ ಇಲ್ದೆ ಮುಳುಗತ್ತೆ. ಮೆಟ್ಟಿಲು, ಡಾಂಬರು, ಲೋಹದ ಸ್ಲೈಡ್ ಅಂಗೈ ಹಿಂಬದಿ ಇಟ್ಟು ನೋಡಿ ಆಮೇಲೆ ಬರಿಗಾಲಲ್ಲಿ ಬಿಡಿ.

ಸ್ಟೆಪ್ 7: ಬಿಸಿಲು ಹೊಡೆದ ಲಕ್ಷಣ ಗುರುತಿಸೋದು

ಮೊದಲ ಹಂತ ಕಾಲು ಹೊಟ್ಟೆ ಹಿಡ್ಕೊಳ್ಳೋದು. ಅದಾದ್ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಮುಖ ಬಿಳಿಚಿ ಬೆವರು ಸುರಿಯೋದು, ಮಕ್ಕಳಾದ್ರೆ ಸುಮ್ ಸುಮ್ನೆ ಕಿರಿಕಿರಿ ಇಲ್ಲ ಇದ್ದಕ್ಕಿದ್ದಂಗೆ ಮಂಕಾಗೋದು. ನಮ್ಮಮ್ಮ ಅವತ್ತು ಈ ಹಂತದಲ್ಲಿದ್ಲು, "ಏನಿಲ್ಲಪ್ಪ, ಸ್ವಲ್ಪ ಸುಸ್ತು" ಅಂತಾನೇ ಇದ್ಲು. ಇಂಥ ಹೊತ್ತಲ್ಲಿ ನೆರಳಿಗೆ ಅಥವಾ ಎಸಿಗೆ ಕರ್ಕೊಂಡು ಹೋಗಿ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ, ಬಟ್ಟೆ ಸಡಿಲ ಮಾಡಿ, ಮೈಮೇಲೆ ಒದ್ದೆ ಬಟ್ಟೆ ಹಾಕಿ ಗಾಳಿ ಹಾಕಿ, ಗುಟುಕು ಗುಟುಕಾಗಿ ನೀರೋ ಓಆರ್‌ಎಸ್ಸೋ ಕೊಡಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ರೆ ಪಾರ್ಕಿನ ಫಸ್ಟ್ ಏಡ್ ರೂಮು, ಅಲ್ಲಿಂದ ಡಾಕ್ಟರು. ಸುಧಾರಿಸಿದ್ರೂ ಅವತ್ತಿಗೆ ಅವರ ಬಿಸಿಲು ಮುಗೀತು, ಮತ್ತೆ ಎಬ್ಬಿಸ್ಕೊಂಡು ಓಡಾಡಿಸ್ಬೇಡಿ.

ಆದ್ರೆ ಮಾತು ತೊದಲಿದ್ರೆ, ಎಲ್ಲಿದೀನಿ ಅಂತ ಗೊತ್ತಾಗದಿದ್ರೆ, ನಡಿಗೆ ತೂರಾಡಿದ್ರೆ, ಫಿಟ್ಸ್ ಬಂದ್ರೆ, ಎಚ್ಚರ ತಪ್ಪಿದ್ರೆ ಅದು ಹೀಟ್ ಸ್ಟ್ರೋಕ್, ಮೈಯೊಳಗಿನ ಬಿಸಿ 40 ಡಿಗ್ರಿ ಮುಟ್ಟಿರತ್ತೆ, ಜೀವಕ್ಕೆ ಅಪಾಯ. ಚರ್ಮ ಒಣಗಿರ್ಬೇಕು ಅಂತೇನಿಲ್ಲ, ಬೆವರ್ತಾ ಇದ್ರೂ ಆಗಿರಬಹುದು. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಿ ಸ್ಟಾಫ್ ಕೂಗ್ಲಿ, ಇನ್ನೊಬ್ಬರು ಆ ಕ್ಷಣದಿಂದಲೇ ತಣ್ಣೀರು ಸುರಿಯೋಕೆ ಶುರು ಮಾಡ್ಲಿ, ಬಕೆಟ್ಟೋ ಪೈಪೋ ಸಿಕ್ಕಿದ್ದರಲ್ಲಿ ಇಡೀ ಮೈಗೆ, ಜೊತೆಗೆ ಗಾಳಿ, ಐಸ್ ಇದ್ರೆ ಕತ್ತು ಕಂಕುಳು ತೊಡೆಸಂದಿಗೆ. ಆಂಬುಲೆನ್ಸ್ ಬರ್ಲಿ ಅಂತ ಕಾಯ್ತಾ ಕೂರೋದಲ್ಲ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗತ್ತೆ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ, ಇದು ಜ್ವರ ಅಲ್ಲ.

ಫೋನಿಗೂ ಬಿಸಿಲು ಹೊಡೆಯತ್ತೆ, ಐಫೋನ್ ಥರದ್ದನ್ನ 35 ಡಿಗ್ರಿ ಒಳಗಿನ ಹವೆಯಲ್ಲಿ ಬಳಸಿ ಅಂತ ಕಂಪನಿನೇ ಹೇಳೋದು, ಬಿಸಿಯಾಗಿ ಆಫ್ ಆದ್ರೆ ನೆರಳಲ್ಲಿ ಇಡಿ, ಐಸ್ ಮೇಲೆ ಇಡ್ಬೇಡಿ. ಟಿಕೆಟ್, ಕಾರ್ ಪಾರ್ಕಿಂಗ್ ನಂಬರ್ ಒಬ್ಬರ ಫೋನಲ್ಲಿ ಮಾತ್ರ ಇಟ್ಕೊಂಡ್ರೆ ಹೀಗಾದಾಗ ಕಣ್ಣು ಬಿಡ್ಬೇಕು.

ಸ್ಟೆಪ್ 8: ಸಾಯಂಕಾಲ, ಆಮೇಲೆ ಕಾರು

ನಾಲ್ಕೂವರೆ ಮೇಲೆ ಬೇರೆನೇ ಪಾರ್ಕು. ಬೆಳಗ್ಗೆ ಬಂದವರಲ್ಲಿ ಅರ್ಧ ಜನ ಬಾಡಿ ಹೊರಟಿರ್ತಾರೆ, ಪರೇಡ್ ಏನಾದ್ರೂ ಇದ್ರೆ ಉಳಿದವರು ಅಲ್ಲಿರ್ತಾರೆ, ಕ್ಯೂ ಕರಗಿರತ್ತೆ. ಮಧ್ಯಾಹ್ನ ರೆಸ್ಟ್ ತಗೊಂಡ ನೀವು ಇಲ್ಲಿ ಬಡ್ಡಿ ಸಮೇತ ವಸೂಲ್ ಮಾಡ್ಕೊಳ್ಳಿ. ಹೆಚ್ಚಿನ ಪಾರ್ಕಲ್ಲಿ ಕ್ಲೋಸಿಂಗ್ ಟೈಮ್‌ಗೆ ಕ್ಯೂ ಒಳಗಿದ್ದವರಿಗೆ ರೈಡ್ ಕೊಟ್ಟೇ ಕಳಿಸ್ತಾರೆ, ಹಾಗಾಗಿ ಅತಿ ದೊಡ್ಡ ರೈಡ್‌ಗೆ ಕೊನೇ ಹತ್ತು ನಿಮಿಷದಲ್ಲಿ ಸೇರ್ಕೊಳ್ಳೋದು ನಮ್ಮ ಹಳೇ ಚಾಳಿ, ಗೇಟಲ್ಲಿ ಸ್ಟಾಫನ್ನ ಒಂದು ಮಾತು ಕೇಳ್ಕೊಂಡು ಮಾಡಿ.

ಕಾರು ಇಡೀ ದಿನ ಬಿಸಿಲಲ್ಲಿ ನಿಂತಿರತ್ತೆ. ಎಲ್ಲಾ ಡೋರ್ ತೆಗೆದು ಎರಡು ನಿಮಿಷ ಬಿಡಿ, ಸೀಟ್ ಬೆಲ್ಟಿನ ಲೋಹದ ಬಕಲ್ ಮುಟ್ಟಿ ನೋಡಿ ಆಮೇಲೆ ಮಕ್ಕಳನ್ನ ಕೂರಿಸಿ, ಬೆಳಗ್ಗೆನೇ ಅದರ ಮೇಲೆ ಟವೆಲ್ ಮುಚ್ಚಿಟ್ಟು ಹೋದ್ರೆ ಇನ್ನೂ ಒಳ್ಳೇದು. ಮಲಗಿರೋ ಮಗುನ ಕಾರಲ್ಲಿ ಬಿಟ್ಟು ಎರಡೇ ನಿಮಿಷ ಅಂತ ಹೋಗೋದು ಮಾತ್ರ ಯಾವ ಕಾರಣಕ್ಕೂ ಇಲ್ಲ, ಹೊರಗೆ 35 ಇದ್ರೆ ಮುಚ್ಚಿದ ಕಾರೊಳಗೆ ಹತ್ತೇ ನಿಮಿಷಕ್ಕೆ 45 ಆಗತ್ತೆ, ಗ್ಲಾಸ್ ಸ್ವಲ್ಪ ಇಳಿಸಿದ್ರೂ ಅಷ್ಟೇನೂ ವ್ಯತ್ಯಾಸ ಆಗಲ್ಲ.

ಮನೆಗೆ ಬಂದ್ಮೇಲೆ ಸುಟ್ಟ ಭುಜಕ್ಕೆ ತಣ್ಣೀರ ಬಟ್ಟೆ, ಮಲಗೋ ಮುಂಚೆ ಎಲ್ಲರೂ ಇನ್ನೊಂದು ಲೋಟ ನೀರು. ಯಾರಿಗಾದ್ರೂ ಬೆಳಗ್ಗೆನೂ ತಲೆನೋವು ವಾಂತಿ ಇದ್ರೆ ಡಾಕ್ಟರಿಗೆ ತೋರಿಸಿ.

ಎರಡನೇ ಸಲ ಹೋದಾಗ ಐದೂವರೆಗೆ ಅಮ್ಮ ಆ ದೊಡ್ಡ ಜೈಂಟ್ ವ್ಹೀಲ್ ಕಡೆ ನೋಡ್ತಾ "ಅದೇನು ಜಾಸ್ತಿ ಅಲ್ಲಾಡಲ್ಲ ಅಲ್ವಾ" ಅಂದ್ಲು. ಇಬ್ಬರೂ ಮೊಮ್ಮಕ್ಕಳು ಕೈ ಹಿಡ್ಕೊಂಡು ಎಳ್ಕೊಂಡೇ ಹೋದ್ರು. ನಾನು ಕೆಳಗೆ ಕಟ್ಟಡದ ಪೂರ್ವ ಬದಿಯ ಬೆಂಚಲ್ಲಿ ಎರಡು ಬ್ಯಾಗು, ಮೂರು ಬಾಟಲು, ಒಂದು ಜೊತೆ ಒದ್ದೆ ಸಾಕ್ಸ್ ಹಿಡ್ಕೊಂಡು ಕೂತಿದ್ದೆ.